ಮಿರ್ಜಾನ್ ಕೋಟೆಯ ಕಪ್ಪಿಗೂ ಜೀವ ಇದೆ | ಕರಾವಳಿ ಕಲ್ಲುಗಳ ಕಥೆ, ಭಾಗ 6

ಕುಮಟಾದಿಂದ ಅಂಕೋಲಾ ಕಡೆ ಹೋಗುವಾಗ ಹೈವೇಯಿಂದ ಸ್ವಲ್ಪವೇ ಒಳಗೆ ಮಿರ್ಜಾನ್ ಕೋಟೆ. ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಅಂತ ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ ಆಳಿದ ಜಾಗ. ಮಳೆಗಾಲದ ರೀಲ್ಸ್‌ಗಳಲ್ಲಿ ಇದರ ಹಸಿರನ್ನ ಎಲ್ಲರೂ ನೋಡಿದೀರಿ. ಈ ಸಲ ಹೋದ್ರೆ ಗೋಡೆಯ ಕಪ್ಪನ್ನ ನೋಡಿ.

ಅದು ಬರೀ ಕೊಳೆ ಅಲ್ಲ. ನಮ್ಮಂಥ ಮಳೆಯ ಊರಲ್ಲಿ ಕಲ್ಲಿನ ಮೇಲೆ ಕೂರೋ ಕಪ್ಪು ಪದರದಲ್ಲಿ ಬಹುಪಾಲು ಸಯನೋಬ್ಯಾಕ್ಟೀರಿಯಾ ಇರ್ತವೆ. ಬಿಸಿಲು ತಡೆಯೋಕೆ ಅವೇ ಗಾಢ ಬಣ್ಣ ತಯಾರಿಸಿಕೊಳ್ತವೆ.

ಇಷ್ಟು ಸಣ್ಣ ಜೀವಿಗಳನ್ನ ಜನ ಕಂಡಿದ್ದು ಹೇಗೆ?

ಕೈಯಲ್ಲಿ ಬಿಡಿಸಿದ ಚಿತ್ರ ಸಾಲದು ಅಂತ ಜರ್ಮನಿಯ ರಾಬರ್ಟ್ ಕೋಖ್ 1877ರಲ್ಲಿ ಬ್ಯಾಕ್ಟೀರಿಯಾದ ಫೋಟೋಗಳನ್ನೇ ಪ್ರಕಟಿಸಿದರು. ಆಮೇಲೆ ಅವನ್ನ ಜೆಲಾಟಿನ್ ಮೇಲೆ ಬೆಳೆಸಿದರು. ಆದ್ರೆ ಸೆಖೆಗೆ ಜೆಲಾಟಿನ್ ಕರಗಿ ನೀರಾಗ್ತಿತ್ತು. ದಾರಿ ಸಿಕ್ಕಿದ್ದು ಅಡುಗೆಮನೆಯಲ್ಲಿ. 1881ರಲ್ಲಿ ಫ್ಯಾನಿ ಹೆಸ್ಸೆ ಅನ್ನೋ ಮಹಿಳೆ, ತಾನು ಜೆಲ್ಲಿ ಮಾಡೋಕೆ ಬಳಸ್ತಿದ್ದ ಅಗರ್ ಹಾಕಿ ನೋಡಿ ಅಂದರು. ಅಗರ್ ಅಂದ್ರೆ ಬೇರೇನಲ್ಲ, ನಾವು ಪುಡಿಂಗ್‌ಗೆ ಹಾಕೋ ಚೈನಾ ಗ್ರಾಸ್! ಕಡಲಪಾಚಿಯಿಂದ ಬರುತ್ತೆ, ಭಟ್ಕಳದ ಸೆಖೆಗೂ ಕರಗಲ್ಲ. 1887ರಲ್ಲಿ ಪೆಟ್ರಿ ಮುಚ್ಚಳದ ತಟ್ಟೆ ಕೊಟ್ಟರು. ಆ ತಟ್ಟೆಯಲ್ಲಿ ಒಂದೇ ಜೀವಕೋಶ ಬೆಳೆದು ಬೆಳೆದು ಕಣ್ಣಿಗೆ ಕಾಣೋ ಚುಕ್ಕಿ ಆಗುತ್ತೆ. ಅದೇ ಕಾಲೊನಿ.

ಆದ್ರೆ ಕೋಟೆಯದ್ದನ್ನ ತಟ್ಟೆಗೆ ಹಾಕ್ಬೇಕಂದ್ರೆ ಗೋಡೆಯನ್ನ ಕೆರೀಬೇಕಲ್ವಾ? ಅದಕ್ಕೇ ಈಗ ಬೆಳಕಿನ ಉಪಾಯ. ಕತ್ತಲಲ್ಲಿ ನೀಲಿ ಬೆಳಕು ಬಿಟ್ಟರೆ ಪತ್ರಹರಿತ್ತು ಕೆಂಪಗೆ ಹೊಳೆಯುತ್ತೆ. ಕ್ಯಾಮೆರಾಕ್ಕೆ ಫಿಲ್ಟರ್ ಹಾಕಿ ಆ ಕೆಂಪನ್ನಷ್ಟೇ ಹಿಡಿದರೆ, ಕಾಲೊನಿ ಎಲ್ಲೆಲ್ಲಿ ಹಬ್ಬಿದೆ ಅಂತ ನಕ್ಷೆಯೇ ಸಿಗುತ್ತೆ. ಕಲ್ಲು ಮುಟ್ಟೋದೇ ಬೇಡ. ಮುಂದಿನ ವರ್ಷ ಅದೇ ಜಾಗದ ಫೋಟೋ ತೆಗೆದು ಹೋಲಿಸಬಹುದು. ಶಿಲೀಂಧ್ರಗಳಿಗೆ ಮಾತ್ರ ಪತ್ರಹರಿತ್ತು ಇಲ್ಲ. ಅವು ಈ ಕೆಂಪಿನಲ್ಲಿ ಕಾಣಲ್ಲ, ಅವಕ್ಕೆ ಬೇರೆ ದಾರಿ ಬೇಕು.

ಇದೆಲ್ಲ ಯಾಕೆ ಮುಖ್ಯ ಗೊತ್ತಾ? ಚಿರೇಕಲ್ಲು ತೂತು ತೂತಾದ ಕಲ್ಲು. ತಂತಿ ಬ್ರಷ್ ಹಾಕಿ ಉಜ್ಜಿದ್ರೆ ಕಪ್ಪಿನ ಜೊತೆ ಕಲ್ಲಿನ ಮೈಯೂ ಉದುರುತ್ತೆ. ಹೊನ್ನಾವರ, ಭಟ್ಕಳದ ಹಳೇ ಬಸದಿ, ಗುಡಿಗಳ ಕೆತ್ತನೆಗಳನ್ನ ಉಜ್ಜಿದ್ರೂ ನಷ್ಟವೇ. ಒಮ್ಮೆ ಅಳಿಸಿದ ಅಕ್ಷರ ಮತ್ತೆ ಬರಲ್ಲ. ಮೊದಲು ನೋಡ್ಬೇಕು, ಆಮೇಲೆ ಕೈ ಹಾಕ್ಬೇಕು.

ಹಾಂ, ಗೋಡೆ ಮೇಲೆ ಹೆಸರು ಗೀಚೋರಿಗೆ ಒಂದು ಮಾತು: ಆ ಗೀರಲ್ಲಿ ಮಳೆನೀರು ನಿಲ್ಲುತ್ತೆ. ನಿಮ್ಮ ಪ್ರೀತಿ ಎಷ್ಟು ದಿನ ಉಳಿಯುತ್ತೋ ಗೊತ್ತಿಲ್ಲ ಮಾರಾಯ್ರೇ, ಬ್ಯಾಕ್ಟೀರಿಯಾಕ್ಕಂತೂ ಹೊಸ ಮನೆ ಸಿಗುತ್ತೆ.

#ಮಿರ್ಜಾನ್‌ಕೋಟೆ #ಕುಮಟಾ #ಹೊನ್ನಾವರ #ಭಟ್ಕಳ #ಕರಾವಳಿಕಲ್ಲುಗಳಕಥೆ