ನನ್ನ ಪಾತ್ರ ಇರೋದೇ ಹಾಗೆ!

ಈ ಬ್ಲಾಗಿನ ಕಡೆ ತಲೆ ಹಾಕಿ ಎರಡು ತಿಂಗಳ ಮೇಲಾಯ್ತು. ಆಫೀಸಿನಲ್ಲಿ ರಿಲೀಸ್ ಗಲಾಟೆ ಅನ್ನೋದು ಮಾಮೂಲಿ ನೆಪ. ನಿಜವಾದ ಕಾರಣ ಬೇರೆ. ಪ್ರತಿ ಶನಿವಾರ ರಾತ್ರಿ ನಮ್ಮ ರೂಮಿನಲ್ಲಿ ನಡೆಯುತ್ತಿದ್ದ ಆಟವೊಂದು ನಿಂತುಹೋಯಿತು. ಯಾಕೆ ನಿಂತಿತು ಅಂತ ಯೋಚಿಸುತ್ತಾ ಕೂತವನು ಆ ಆಟದ ಐವತ್ತು ವರ್ಷಗಳ ಚರಿತ್ರೆಯನ್ನೇ ಓದಲು ಶುರು ಮಾಡಿದೆ. ಓದಿದ್ದು ತಲೆಯೊಳಗೆ ಕೊರೆಯುತ್ತಿದೆ, ಈಗ ನಿಮ್ಮ ತಲೆಗೂ ದಾಟಿಸುತ್ತಿದ್ದೇನೆ :-)

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಕಂಪ್ಯೂಟರ್ ಬೇಡ. ಒಂದು ಮೇಜು, ಒಂದಷ್ಟು ದಾಳ, ಪೆನ್ಸಿಲ್ಲು, ಹಾಳೆ, ನಾಲ್ಕೈದು ಜನ ಇದ್ದರೆ ಸಾಕು. ಒಬ್ಬ ಕಥೆ ನಡೆಸುವವನು, ಅವನಿಗೆ ಡಂಜನ್ ಮಾಸ್ಟರ್ ಅಂತ ಹೆಸರು. ಮಿಕ್ಕವರದ್ದು ಒಬ್ಬೊಬ್ಬರದು ಒಂದೊಂದು ಪಾತ್ರ. ನಮ್ಮೂರ ಕಡೆಯ ತಾಳಮದ್ದಳೆ ನೋಡಿದವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಅಲ್ಲೂ ಅರ್ಥಧಾರಿ ಕೂತಲ್ಲೇ ಪಾತ್ರವಾಗಿ ಆಶುವಾಗಿ ಮಾತಾಡುತ್ತಾನೆ, ಪದ್ಯ ಹೇಳಿ ಪ್ರಸಂಗವನ್ನು ಮುಂದಕ್ಕೆ ಒಯ್ಯುವವರು ಭಾಗವತರು. ದೊಡ್ಡ ವ್ಯತ್ಯಾಸ ಏನೆಂದರೆ ಅಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ, ಭಾಗವತರಿಗೂ ಕೂಡ.

ನಮ್ಮ ಗುಂಪಿನ ಭಾಗವತ ನಾನೇ. ಗೆಳೆಯನೊಬ್ಬ ಕಳ್ಳನ ಪಾತ್ರ ತೆಗೆದುಕೊಂಡಿದ್ದ. ಒಂದು ಶನಿವಾರ ನಮ್ಮ ತಂಡ ಕಾಡಿನಲ್ಲಿ ಮಲಗಿದ್ದಾಗ ಅವನ ಕಳ್ಳ ಎದ್ದು, ಪಕ್ಕದಲ್ಲಿ ಮಲಗಿದ್ದವಳ ಮಂತ್ರಖಡ್ಗವನ್ನು ಕದ್ದು ಮಾರಿಬಿಟ್ಟ. ಆ ಪಾತ್ರ ಆಡುತ್ತಿದ್ದ ನಮ್ಮ ಟೀಮಿನ ಹುಡುಗಿ ಆ ಖಡ್ಗಕ್ಕಾಗಿ ಐದು ತಿಂಗಳು ಆಡಿದ್ದಳು. ಅವಳು ಏನೂ ಅನ್ನಲಿಲ್ಲ, ಹಾಳೆಯಲ್ಲಿ ಖಡ್ಗದ ಹೆಸರಿದ್ದ ಸಾಲನ್ನು ರಬ್ಬರಿನಿಂದ ಅಳಿಸಿದಳು ಅಷ್ಟೆ. ನಾನು ಅವನ ಮುಖ ನೋಡಿದೆ. "ನನ್ನ ಪಾತ್ರ ಇರೋದೇ ಹಾಗೆ ಮಾರಾಯ, ನಾನೇನ್ ಮಾಡ್ಲಿ?" ಅಂದ.

ಮುಂದಿನ ವಾರ ಅವನ ಕಳ್ಳನಿಗೆ ಒಂದು ಪೆಟ್ಟಿಗೆ ಸಿಗುವ ಹಾಗೆ ಮಾಡಿದೆ. ತೆರೆದ ಕೂಡಲೇ ಬ್ಲೇಡು ಬಿದ್ದು ಬಲಗೈ ಹೋಯಿತು. ದಾಳ ಹಾಕುವ ಅವಕಾಶವನ್ನೂ ಕೊಡಲಿಲ್ಲ. ಅವನಿಗೆ ಅರ್ಥವಾಯಿತು. ನಕ್ಕ. ಅದರ ಮುಂದಿನ ಶನಿವಾರ ಬರಲಿಲ್ಲ, ಆಮೇಲೂ ಬರಲಿಲ್ಲ. ಖಡ್ಗ ಕಳೆದುಕೊಂಡವಳು ಇನ್ನೆರಡು ವಾರ ಬಂದು ನಿಲ್ಲಿಸಿದಳು. ಅಲ್ಲಿಗೆ ಮಂಗಳ.

ನಾನು ಮಾಡಿದ್ದು ಸರಿಯೇ ತಪ್ಪೇ ಅನ್ನುವ ಪ್ರಶ್ನೆ ಹಿಡಿದು ಚರಿತ್ರೆ ಕೆದಕಿದರೆ, ನನಗಿಂತ ಮೊದಲು ದೊಡ್ಡ ದೊಡ್ಡವರೇ ಇದೇ ಗುಂಡಿಗೆ ಬಿದ್ದಿದ್ದಾರೆ!

ಮೊದಲ ಗಲಾಟೆ ನಡೆದಿದ್ದು ಈ ಆಟಕ್ಕೆ ಹೆಸರೇ ಇಲ್ಲದಿದ್ದಾಗ. 1969ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಡೇವಿಡ್ ವೆಸ್ಲಿ ಎನ್ನುವವರು ಗೆಳೆಯರಿಗಾಗಿ ಒಂದು ಯುದ್ಧದ ಆಟ ಸಿದ್ಧಪಡಿಸಿದರು. ನೆಪೋಲಿಯನ್ ಕಾಲದ ಬ್ರೌನ್‌ಸ್ಟೈನ್ ಎಂಬ ಕಾಲ್ಪನಿಕ ಜರ್ಮನ್ ಊರು. ಸೇನಾಪತಿಗಳ ಜೊತೆಗೆ ಊರಿನ ಮೇಯರ್, ಬ್ಯಾಂಕಿನವನು, ವಿಶ್ವವಿದ್ಯಾಲಯದ ಕುಲಪತಿ ಹೀಗೆ ಪಾತ್ರ ಹಂಚಿದರು. ಒಬ್ಬರಾದ ಮೇಲೆ ಒಬ್ಬರು ಶಿಸ್ತಾಗಿ ಆಡುತ್ತಾರೆ ಅಂತ ಅವರ ಲೆಕ್ಕ. ಆಟಗಾರರು ಗುಂಪು ಗುಂಪಾಗಿ ಮೂಲೆ ಹಿಡಿದು ಗುಟ್ಟಾಗಿ ಮಾತಾಡತೊಡಗಿದರು. ಇಬ್ಬರಂತೂ ದ್ವಂದ್ವಯುದ್ಧ ಮಾಡುತ್ತೇವೆ ಅಂದರು, ಅದಕ್ಕೆ ನಿಯಮವೇ ಇರಲಿಲ್ಲ! ಆಟ ಕೆಟ್ಟುಹೋಯಿತು ಅಂತ ವೆಸ್ಲಿ ತಲೆ ಮೇಲೆ ಕೈ ಹೊತ್ತರೆ, ಗೆಳೆಯರು ಮತ್ತೊಮ್ಮೆ ಯಾವಾಗ ಅಂತ ಕೇಳಿದರಂತೆ. ಅಂದರೆ ಈ ಆಟದ ಕುಲವೇ ಹುಟ್ಟಿದ್ದು ಆಟಗಾರರು ಹೇಳಿದ ಮಾತು ಕೇಳದೇ ಇದ್ದುದರಿಂದ.

ಆ ಗುಂಪಿನಲ್ಲಿದ್ದ ಡೇವ್ ಆರ್ನೆಸನ್ ಸ್ವಲ್ಪ ಕಾಲದಲ್ಲೇ ಬ್ಲ್ಯಾಕ್‌ಮೂರ್ ಎಂಬ ತಮ್ಮದೇ ಮಾಯಾಲೋಕ ಕಟ್ಟಿದರು. ಅಲ್ಲಿ ಒಳ್ಳೆಯವರ ಕಡೆಗೂ ಕೆಟ್ಟವರ ಕಡೆಗೂ ಆಟಗಾರರಿದ್ದರು. ಅಲ್ಲಿ ಒಬ್ಬ ಆಟಗಾರನ ಪಾತ್ರ ರಕ್ತ ಹೀರುವ ವ್ಯಾಂಪೈರ್ ಆಯಿತು. ಹೆಸರು ಸರ್ ಫ್ಯಾಂಗ್, ಅಂದರೆ ಕೋರೆಹಲ್ಲಿನ ಸಾಹೇಬ. ಆಡುತ್ತಾ ಆಡುತ್ತಾ ಅವನ ಶಕ್ತಿ ಎಷ್ಟು ಬೆಳೆಯಿತೆಂದರೆ ಬೇರೆಯವರು ಅವನೆದುರು ನಿಲ್ಲುವುದೇ ಕಷ್ಟವಾಯಿತು.

ಆರ್ನೆಸನ್ ಏನು ಮಾಡಬಹುದಿತ್ತು? ನನ್ನ ಹಾಗೆ ಬ್ಲೇಡು ಬೀಳಿಸಬಹುದಿತ್ತು. ಅದನ್ನು ಮಾಡಲಿಲ್ಲ. ಆಗಿನ ಭೂತದ ಸಿನಿಮಾಗಳಲ್ಲಿ ನಟ ಪೀಟರ್ ಕುಶಿಂಗ್ ಶಿಲುಬೆ ಹಿಡಿದು ಡ್ರಾಕುಲಾನನ್ನು ಹಿಮ್ಮೆಟ್ಟಿಸುತ್ತಿದ್ದರಲ್ಲ, ಆ ಮಾದರಿಯ ಒಂದು ಹೊಸ ಪಾತ್ರವನ್ನು ತಂದು ಇನ್ನೊಬ್ಬ ಆಟಗಾರನಿಗೆ ಕೊಟ್ಟರು. ಅದೇ ಕ್ಲೆರಿಕ್, ಅಂದರೆ ಆಯುಧ ಹಿಡಿದ ಪುರೋಹಿತ. 1974ರಲ್ಲಿ ಆರ್ನೆಸನ್ ಮತ್ತು ಗ್ಯಾರಿ ಗೈಗ್ಯಾಕ್ಸ್ ಸೇರಿ ಮೂರು ಪುಟ್ಟ ಪುಸ್ತಕಗಳಾಗಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದಾಗ ಅದರಲ್ಲಿದ್ದ ಪಾತ್ರದ ಬಗೆಗಳು ಮೂರೇ ಮೂರು: ಹೋರಾಟಗಾರ, ಮಂತ್ರವಾದಿ ಮತ್ತು ಈ ಕ್ಲೆರಿಕ್. ಕ್ಲೆರಿಕ್ ಯಾವ ಯಾವ ಪ್ರೇತಗಳನ್ನು ಓಡಿಸಬಲ್ಲ ಎನ್ನುವ ಪಟ್ಟಿ ಅಸ್ಥಿಪಂಜರದಿಂದ ಶುರುವಾಗುತ್ತದೆ. ಪಟ್ಟಿಯ ಕಟ್ಟಕಡೆಯ ಹೆಸರು? ವ್ಯಾಂಪೈರ್.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಬ್ಬ ಯೂಸರ್‌ನ ಕಾಟಕ್ಕೆ ಅಂತ ಬರೆದ ಪ್ಯಾಚ್ ಅರ್ಧ ಶತಮಾನದ ನಂತರವೂ ಪ್ರೊಡಕ್ಷನ್‌ನಲ್ಲಿ ಓಡುತ್ತಿದೆ. ಇಂದಿಗೂ ಎಲ್ಲೋ ಯಾರೋ ಕ್ಲೆರಿಕ್ ಆಡುತ್ತಿದ್ದಾರೆ, ಅದು ಸರ್ ಫ್ಯಾಂಗ್‌ಗೆ ಬರೆದ ಉತ್ತರ ಅಂತ ಅವರಿಗೆ ಗೊತ್ತೇ ಇರಲಿಕ್ಕಿಲ್ಲ.

1974ರ ಆ ಪುಸ್ತಕ ತುಂಬಾ ಉದಾರಿ. ಆಟಗಾರನಿಗೆ ಡ್ರ್ಯಾಗನ್ ಆಗಬೇಕೆಂದರೂ ಆಗಲಿ, ಆದರೆ ಮರಿ ಡ್ರ್ಯಾಗನ್ ಆಗಿ ಶುರುಮಾಡಿ ಮೇಲೇರಬೇಕು ಎನ್ನುತ್ತದೆ. ಉದಾರತೆ ಹೆಚ್ಚು ದಿನ ಉಳಿಯಲಿಲ್ಲ. 1975ರಲ್ಲಿ ಪ್ಯಾಲಡಿನ್ ಎಂಬ ಧರ್ಮವೀರ ಬಂದ. ಅವನು ಒಂದು ಸಲ ದಾರಿ ತಪ್ಪಿದರೆ ಆ ಪದವಿ ಶಾಶ್ವತವಾಗಿ ಹೋಯಿತು. ಮೊದಲು ಧರ್ಮ, ತಟಸ್ಥ, ಅವ್ಯವಸ್ಥೆ ಅಂತ ಮೂರೇ ಇದ್ದ ಸ್ವಭಾವದ ವಿಂಗಡಣೆ 1978ರ ಹೊತ್ತಿಗೆ ಒಂಬತ್ತಾಯಿತು. 1979ರಲ್ಲಿ ಗೈಗ್ಯಾಕ್ಸ್ ಬರೆದ ಡಂಜನ್ ಮಾಸ್ಟರ್ಸ್ ಗೈಡ್ ಅಂತೂ ಪ್ರತಿ ಪಾತ್ರದ ನಡತೆಯನ್ನು ಗ್ರಾಫಿನಲ್ಲಿ ಗುರುತಿಸುತ್ತಾ ಹೋಗಿ ಅನ್ನುತ್ತದೆ. ಹೇಳಿದ ಸ್ವಭಾವ ಬಿಟ್ಟು ಬೇರೆ ಕಡೆ ಜಾರಿದರೆ ಒಂದು ಲೆವೆಲ್ ಕಟ್! ನಮ್ಮ ಅಪ್ರೈಸಲ್ ಫಾರ್ಮ್ ಇದರ ಮೊಮ್ಮಗ ಇರಬೇಕು.

ಅದೇ ಪುಸ್ತಕದಲ್ಲಿ ತೊಂದರೆ ಕೊಡುವ ಆಟಗಾರರ ಬಗ್ಗೆ ಒಂದು ಪುಟ್ಟ ಭಾಗವಿದೆ. ಹೊರಗೆ ಹಾಕುವ ಮೊದಲು ಮಾಡಬಹುದಾದ ಉಪಾಯಗಳು ಅಲ್ಲಿವೆ: ಕಣ್ಣೆದುರೇ ದಾಳ ಹಾಕಿ ಹೆಚ್ಚುವರಿ ರಾಕ್ಷಸನನ್ನು ಕರೆಸಿ, ಕಣ್ಣಿಗೆ ಕಾಣದ ಮಮ್ಮಿಯಿಂದ ಹೊಡೆಸಿ, ಆಕಾಶದಿಂದ ನೀಲಿ ಸಿಡಿಲು ತಲೆಗೆ ಬೀಳಲಿ, ಪಾತ್ರದ ಆಕರ್ಷಣೆಯ ಅಂಕ ಒಂದು ಶಾಶ್ವತವಾಗಿ ಕಳೆಯಲಿ. ಓದುತ್ತಾ ನಗು ಬಂತು, ಆಮೇಲೆ ನಗು ನಿಂತಿತು. ನನ್ನ ಬ್ಲೇಡಿನ ಪೆಟ್ಟಿಗೆ ಈ ನೀಲಿ ಸಿಡಿಲಿನ ತಮ್ಮನೇ ಅಲ್ಲವೇ?

ಆರ್ನೆಸನ್ ಕೊಟ್ಟ ಉತ್ತರಕ್ಕೂ ಈ ಸಿಡಿಲಿಗೂ ಇರುವ ವ್ಯತ್ಯಾಸ ನೋಡಿ. ಕ್ಲೆರಿಕ್ ಬಂದಾಗ ಸರ್ ಫ್ಯಾಂಗ್‌ಗೆ ಒಬ್ಬ ಎದುರಾಳಿ ಸಿಕ್ಕ, ಆಟ ದೊಡ್ಡದಾಯಿತು. ಸಿಡಿಲು ಬಿದ್ದಾಗ ಆಟ ಚಿಕ್ಕದಾಗುತ್ತದೆ. ಒಬ್ಬ ಮನುಷ್ಯನ ಮೇಲಿನ ಸಿಟ್ಟನ್ನು ಅವನ ಪಾತ್ರದ ಮೇಲೆ ತೀರಿಸಿದಂತಾಗುತ್ತದೆ, ಇಬ್ಬರಿಗೂ ಅದು ಗೊತ್ತಿರುತ್ತದೆ, ಇಬ್ಬರೂ ಬಾಯಿ ಬಿಡುವುದಿಲ್ಲ.

ಇದಾದ ಮೇಲೆ ಇನ್ನೊಂದು ದಾರಿಯನ್ನೂ ಹಿಡಿದು ನೋಡಿದರು. 1980ರ ದಶಕದಲ್ಲಿ ಅಮೆರಿಕದ ಕೆಲವು ಧಾರ್ಮಿಕ ಗುಂಪುಗಳು ಈ ಆಟ ಮಕ್ಕಳನ್ನು ಸೈತಾನನ ಕಡೆ ಎಳೆಯುತ್ತದೆ ಅಂತ ಬೊಬ್ಬೆ ಹಾಕಿದವು. 1989ರಲ್ಲಿ ಎರಡನೆಯ ಆವೃತ್ತಿ ಬಂದಾಗ ಆಟಗಾರರ ಮೂಲ ಪುಸ್ತಕದಿಂದ ಅಸ್ಸಾಸಿನ್ ಎಂಬ ಕೊಲೆಗಾರನ ಪಾತ್ರ ಮಾಯ. ಪಾತ್ರವೇ ಇಲ್ಲದಿದ್ದರೆ ತೊಂದರೆ ಎಲ್ಲಿಂದ ಬರಬೇಕು? ಆದರೆ ಕೊಲೆಗಾರ ಹೋದರೂ ಕಳ್ಳ ಉಳಿದಿದ್ದ, ಜೇಬು ಕತ್ತರಿಸುವ ವಿದ್ಯೆಯ ಸಮೇತ. ಆ ವಿದ್ಯೆಯನ್ನು ಪಕ್ಕದಲ್ಲಿ ಕೂತವನ ಮೇಲೆ ಪ್ರಯೋಗಿಸಬಾರದು ಅಂತ ಯಾವ ಪಟ್ಟಿ ತಾನೇ ತಡೆದೀತು?

ತಮಾಷೆ ಏನೆಂದರೆ ಇದೇ ಕಾಲದಲ್ಲಿ ಬೇರೆ ಆಟಗಳು ಉಲ್ಟಾ ಹೊಡೆದಿದ್ದವು. 1984ರ ಪ್ಯಾರನೋಯಾ ಆಟದಲ್ಲಿ ಜೊತೆಗಾರನಿಗೆ ದ್ರೋಹ ಮಾಡುವುದೇ ಕೆಲಸ. ಸಾಯುವುದು ಖಚಿತ ಅಂತ ಪ್ರತಿಯೊಬ್ಬರಿಗೂ ಆರು ತದ್ರೂಪಿಗಳನ್ನು ಮೊದಲೇ ಕೊಟ್ಟಿರುತ್ತಾರೆ! 1991ರಲ್ಲಿ ಬಂದ ವ್ಯಾಂಪೈರ್: ದಿ ಮಾಸ್ಕ್ವೆರೇಡ್ ಆಟದಲ್ಲಿ ಎಲ್ಲರೂ ವ್ಯಾಂಪೈರ್‌ಗಳೇ. ಸುಮಾರು ಇಪ್ಪತ್ತು ವರ್ಷದ ಹಿಂದೆ ಯಾರ ಕಾಟ ತಡೆಯಲು ಒಂದು ಹೊಸ ಪಾತ್ರವನ್ನೇ ಸೃಷ್ಟಿಸಬೇಕಾಯಿತೋ, ಈಗ ಅವನೇ ನಾಯಕ. ವ್ಯಾಂಪೈರ್ ಬದಲಾಗಿರಲಿಲ್ಲ. ಆಡಲು ಕೂತವರೆಲ್ಲ ಮೊದಲೇ ಒಪ್ಪಿಕೊಂಡು ಕೂತಿದ್ದರು, ಅಷ್ಟೇ ವ್ಯತ್ಯಾಸ. ನನಗೆ ಈ ಇಡೀ ಚರಿತ್ರೆಯಲ್ಲಿ ಕಣ್ಣು ತೆರೆಸಿದ್ದು ಇದೊಂದೇ ಸಂಗತಿ. ಪಾತ್ರ ಕೆಟ್ಟದ್ದಾದರೆ ಆಟ ಕೆಡಬೇಕಾಗಿಲ್ಲ. ಒಬ್ಬ ಒಂದು ಆಟ ಆಡುತ್ತಾ, ಪಕ್ಕದವಳು ಇನ್ನೊಂದು ಆಟ ಆಡುತ್ತಿದ್ದರೆ ಕೆಡುತ್ತದೆ.

ಈ ಒಪ್ಪಂದವನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಕ್ರಮ ಪುಸ್ತಕಗಳಲ್ಲಿ ಹೆಸರು ಪಡೆದು ಬೇರೂರಿದ್ದು ತಡವಾಗಿ. 2003ರಲ್ಲಿ ರಾನ್ ಎಡ್ವರ್ಡ್ಸ್ ಗೆರೆ ಮತ್ತು ಪರದೆ ಅಂತ ಎರಡು ಮಾತು ತಂದರು. ಗೆರೆ ಎಂದರೆ ಈ ವಿಷಯ ನಮ್ಮ ಆಟದಲ್ಲಿ ಬರಲೇಬಾರದು. ಪರದೆ ಎಂದರೆ ನಡೆಯಲಿ, ಆದರೆ ಕಣ್ಣೆದುರು ವಿವರ ಬೇಡ. 2013ರಲ್ಲಿ ಜಾನ್ ಸ್ಟಾವ್ರೊಪೊಲಸ್ ಎಕ್ಸ್ ಕಾರ್ಡ್ ತಂದರು. ಮೇಜಿನ ಮೇಲೆ ಒಂದು ಚೀಟಿ, ಯಾರಿಗಾದರೂ ಕಿರಿಕಿರಿಯಾದರೆ ಅದನ್ನು ಮುಟ್ಟಿದರೆ ಸಾಕು, ಕಾರಣ ಹೇಳಬೇಕಿಲ್ಲ, ಆ ಸಂಗತಿಯನ್ನು ಕೈಬಿಟ್ಟು ಆಟ ಮುಂದುವರಿಯುತ್ತದೆ. ದಾಳ ಮುಟ್ಟುವ ಮೊದಲು ಎಲ್ಲರೂ ಕೂತು ಯಾರಿಗೆ ಎಂಥ ಆಟ ಬೇಕು ಅಂತ ಮಾತಾಡಿಕೊಳ್ಳುವುದಕ್ಕೆ ಸೆಷನ್ ಜೀರೋ ಎನ್ನುತ್ತಾರೆ. 2020ರ ಟಾಶಾಸ್ ಕಾಲ್ಡ್ರನ್ ಆಫ್ ಎವ್ರಿಥಿಂಗ್ ಎಂಬ ಅಧಿಕೃತ ಪುಸ್ತಕ ಅದನ್ನು ವಿವರವಾಗಿ ಹೇಳಿಕೊಡುತ್ತದೆ. ಗ್ರಾಫು, ಸಿಡಿಲು, ನಿಷೇಧ ಎಲ್ಲ ದಾಟಿ ಕೊನೆಗೆ ಬಂದು ನಿಂತಿದ್ದು, ಮೊದಲು ಮಾತಾಡಿ ಎನ್ನುವಲ್ಲಿಗೆ!

ಈಗ ನನ್ನ ಕಥೆಗೆ ಬರುತ್ತೇನೆ. ಇಷ್ಟು ಹೊತ್ತು ಒಂದು ವಿಷಯ ಮುಚ್ಚಿಟ್ಟಿದ್ದೆ. ಆಟ ಶುರುವಾಗುವ ಮೊದಲು, ಟೀ ಕುಡಿಯುತ್ತಾ, ಆ ಗೆಳೆಯ ನನಗೆ ಹೇಳಿದ್ದ: "ನಾನು ಯಾರನ್ನೂ ನಂಬದ ಕಳ್ಳನ್ನ ಆಡ್ತೀನಿ, ಓಕೆನಾ?" ನಾನು "ಸೂಪರ್ ಕಣೋ, ಮಜಾ ಇರತ್ತೆ" ಅಂದಿದ್ದೆ. ಆ ಮಾತು ನಮ್ಮಿಬ್ಬರ ನಡುವೆಯೇ ಉಳಿಯಿತು. ಮಿಕ್ಕವರನ್ನು ನಾನು ಕೇಳಲಿಲ್ಲ. ಐದು ತಿಂಗಳ ನಂತರ ಅವನು ಹೇಳಿದ್ದನ್ನೇ ಮಾಡಿದ, ನಾನು ಅವನ ಕೈ ಕತ್ತರಿಸಿದೆ. ಅವನ ತಪ್ಪು ಇಲ್ಲವೇ ಇಲ್ಲ ಅಂತಲ್ಲ, ಅಳಿಸಿಹೋದ ಆ ಸಾಲು ಅವನಿಗೂ ಕಂಡಿತ್ತು. ಆದರೆ ಮೊದಲನೇ ಗೆರೆ ಎಳೆಯಬೇಕಿದ್ದವನು ನಾನು.

ನಿನ್ನೆ ಇಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿದೆ. ಅವಳು "ಖಡ್ಗ ಹೋಗಿದ್ದಕ್ಕಲ್ಲ, ನೀವಿಬ್ಬರೂ ನನ್ನನ್ನ ಒಂದು ಮಾತೂ ಕೇಳ್ಲಿಲ್ಲ, ಅದಕ್ಕೆ ಬೇಜಾರಾಯ್ತು" ಅಂದಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೈ ವಾಪಸ್ ಕೊಡ್ತೀಯೇನೋ?" ಅಂತ ಕೇಳಿದ. ಕೊಡುವುದಿಲ್ಲ ಅಂದೆ, ಹೊಸ ಪಾತ್ರ ಮಾಡೋಣ ಬಾ ಅಂದೆ. ಬರುತ್ತೇನೆ ಅಂತಲೂ ಇಲ್ಲ, ಬರಲ್ಲ ಅಂತಲೂ ಇಲ್ಲ. ಬರುವ ಶನಿವಾರ ಚಕ್ಕುಲಿ, ಕಾಫಿ ಇಟ್ಟುಕೊಂಡು ಕೂರುತ್ತೇನೆ. ದಾಳ ಡಬ್ಬಿಯಲ್ಲೇ ಇರುತ್ತದೆ, ಮೊದಲು ಮಾತು.

ನಿಮ್ಮಲ್ಲಿ ಯಾರಾದರೂ ಇಂಥ ಆಟ ಆಡಿದ್ದರೆ, ಅಥವಾ ತಾಳಮದ್ದಳೆಯಲ್ಲಿ ಪ್ರಸಂಗ ಹಳಿ ತಪ್ಪಿಸಿದ ಅರ್ಥಧಾರಿಯನ್ನು ಕಂಡಿದ್ದರೆ, ಭಾಗವತರು ಏನು ಮಾಡಿದರು ಅಂತ ದಯವಿಟ್ಟು ಬರೆಯಿರಿ. ಶನಿವಾರದ ಒಳಗೆ ಬರೆದರೆ ಇನ್ನೂ ಉಪಕಾರ :-)