ವೈರಸ್ಸು, ಫಾರ್ಮ್ಯಾಟು ಮತ್ತು ನಮ್ಮ ಕಡತಗಳು

ಮಂಡ್ಯದ ಪಕ್ಕದ ವಿ.ಸಿ. ಫಾರಂನಲ್ಲಿ ‘ವೈರಸ್’ ಎಂಬ ಮಾತು ಕಂಪ್ಯೂಟರಿಗಿಂತ ಮೊದಲೇ ಬಳಕೆಯಲ್ಲಿತ್ತು. ವಿ.ಸಿ. ಎಂದರೆ ವಿಶ್ವೇಶ್ವರಯ್ಯ ಕೆನಾಲ್. ಇರ್ವಿನ್ ನಾಲೆ ಎಂಬುದು ಅದರ ಹಳೆಯ ಹೆಸರು. ಆ ನಾಲೆಯ ನೀರಿನಲ್ಲಿ ಕಬ್ಬು, ಭತ್ತ, ರಾಗಿಯ ತಳಿಗಳನ್ನು ಬೆಳೆಸಿ ಪರೀಕ್ಷಿಸುವ ಊರಿದು. ಕಬ್ಬಿನ ಎಲೆಯ ಮೇಲೆ ತಿಳಿಹಸಿರು ಮಚ್ಚೆ ಮೂಡಿಸುವ ಮೊಸಾಯಿಕ್ ರೋಗಕ್ಕೆ ಕಾರಣ ವೈರಸ್ಸು. ರೋಗ ಬಂದ ಜಲ್ಲೆಯನ್ನೇ ಕಡಿದು ಬಿತ್ತನೆಗೆ ಕೊಟ್ಟರೆ, ಕಣ್ಣಿನ ಜೊತೆ ರೋಗವೂ ಮುಂದಿನ ಗದ್ದೆಗೆ ಹೋಗುತ್ತದೆ. ಮನೆಗಳಿಗೆ ಕಂಪ್ಯೂಟರು ಬಂದ ಮೇಲೆ ಪೆನ್‌ಡ್ರೈವು ಮಾಡಿದ್ದೂ ಈ ಬಿತ್ತನೆ ತುಂಡಿನ ಕೆಲಸವನ್ನೇ. ಆದರೆ ಹೊಲದಲ್ಲಿ ರೋಗ ಯಾವುದೆಂದು ಗುರುತಿಸದೆ ಔಷಧಿ ಹೊಡೆಯಬೇಡಿ ಎಂದು ಹೇಳುವವರಿದ್ದ ಊರಿನಲ್ಲೂ, ಕಂಪ್ಯೂಟರಿನ ವಿಷಯಕ್ಕೆ ಬಂದಾಗ ಎಲ್ಲ ಕಾಯಿಲೆಗೂ ಒಂದೇ ಮದ್ದು ಚಾಲ್ತಿಗೆ ಬಂತು. ಅದರ ಹೆಸರು ಫಾರ್ಮ್ಯಾಟ್.

ಕಂಪ್ಯೂಟರ್ ವೈರಸ್ಸಿನ ಚರಿತ್ರೆಯನ್ನು ಸಾಮಾನ್ಯವಾಗಿ ಅದನ್ನು ಹುಟ್ಟಿಸಿದವರ ಕಥೆಯಾಗಿ ಹೇಳುತ್ತಾರೆ. 1983ರ ನವೆಂಬರಿನಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಫ್ರೆಡ್ ಕೋಹೆನ್ ತನ್ನನ್ನೇ ನಕಲು ಮಾಡಿಕೊಳ್ಳುವ ಪ್ರೋಗ್ರಾಮೊಂದನ್ನು ಪ್ರಯೋಗಕ್ಕಾಗಿ ಬರೆದ. ಐದು ಸಲ ಪರೀಕ್ಷಿಸಿದಾಗಲೂ ಅದು ಒಂದು ಗಂಟೆಯೊಳಗೆ ಇಡೀ ವ್ಯವಸ್ಥೆಯನ್ನು ವಶಮಾಡಿಕೊಂಡಿತು. ಅದಕ್ಕೆ ವೈರಸ್ ಎಂಬ ಹೆಸರು ಸೂಚಿಸಿದವರು ಅವನ ಗುರು ಲೆನಾರ್ಡ್ ಏಡಲ್‌ಮನ್. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು, ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ, ‘ಬ್ರೈನ್’ ವೈರಸ್ಸನ್ನು ಫ್ಲಾಪಿಗಳಲ್ಲಿ ಬಿಟ್ಟರು. ತಮ್ಮ ಸಾಫ್ಟ್‌ವೇರನ್ನು ಕದ್ದು ನಕಲು ಮಾಡುವವರಿಗೆ ಪಾಠ ಕಲಿಸಲು ಹಾಗೆ ಮಾಡಿದೆವು ಎಂಬುದು ಅವರ ಮಾತು. ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರುಗಳನ್ನೂ ಬರೆದಿದ್ದರು.

ಕೋಹೆನ್ ಮಾಡಿದ ಇನ್ನೊಂದು ಕೆಲಸವನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಯಾವ ಪ್ರೋಗ್ರಾಮು ವೈರಸ್, ಯಾವುದು ಅಲ್ಲ ಎಂದು ಎಲ್ಲ ಸಂದರ್ಭಗಳಲ್ಲೂ ತಪ್ಪಿಲ್ಲದೆ ಹೇಳಬಲ್ಲ ಪ್ರೋಗ್ರಾಮನ್ನು ಬರೆಯಲು ಸಾಧ್ಯವಿಲ್ಲ ಎಂದು ಅವನು ತರ್ಕದಿಂದ ತೋರಿಸಿದ. ಆ್ಯಂಟಿವೈರಸ್ಸು ಹೇಳುವುದು ಬಹುಪಾಲು ಒಂದು ಅನುಮಾನವನ್ನು. ಅದನ್ನು ಪರಿಶೀಲಿಸುವ ಕೆಲಸ ಮನುಷ್ಯನಿಗೆ ಉಳಿದೇ ಇರುತ್ತದೆ.

ಕಡತಗಳನ್ನು ನಿಜವಾಗಿ ಹಾಳುಮಾಡುವ ವೈರಸ್ಸುಗಳೂ ಇದ್ದವು. 1999ರ ಏಪ್ರಿಲ್ 26ರಂದು ಚೆರ್ನೋಬಿಲ್ ಎಂಬ ಅಡ್ಡಹೆಸರಿನ ವೈರಸ್ಸು ಹಾರ್ಡ್‌ಡಿಸ್ಕುಗಳ ಮೇಲೆ ಕಸ ಬರೆದುಹಾಕಿತು. 2000ದ ಮೇ ತಿಂಗಳಿನಲ್ಲಿ ಮನಿಲಾದಿಂದ ಹೊರಟ ‘ಐ ಲವ್ ಯೂ’ ಜನರ ಫೋಟೊಗಳನ್ನು ಅಳಿಸಿತು. ನಮ್ಮ ಕಡೆಯ ಮನೆಗಳಿಗೆ ಹತ್ತು ಹದಿನೈದು ವರ್ಷಗಳ ಹಿಂದೆ ಪೆನ್‌ಡ್ರೈವಿನಲ್ಲಿ ಬರುತ್ತಿದ್ದವುಗಳ ಸ್ವಭಾವವೇ ಬೇರೆ. ಒಂದು ಬಗೆಯದು ಫೋಲ್ಡರಿನ ಚಿತ್ರ ಹೊತ್ತು ‘ನ್ಯೂ ಫೋಲ್ಡರ್’ ಎಂಬ ಹೆಸರಿನಲ್ಲಿ ಕೂರುತ್ತಿತ್ತು. ಫೈಲಿನ ಹೆಸರಿನ ಕೊನೆಯ ‘ಇಎಕ್ಸ್‌ಇ’ ಎಂಬ ಬಾಲವನ್ನು ವಿಂಡೋಸ್ ತಾನಾಗಿಯೇ ಮರೆಮಾಡುವುದರಿಂದ ಅದು ಪ್ರೋಗ್ರಾಮು ಎಂದು ಗೊತ್ತಾಗುತ್ತಿರಲಿಲ್ಲ. ಇನ್ನೊಂದು ನಿಜವಾದ ಫೋಲ್ಡರನ್ನು ಅಡಗಿಸಿ ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತಿತ್ತು. ಒತ್ತಿದರೆ ಮೊದಲು ವೈರಸ್ಸು ಓಡಿ, ಆಮೇಲೆ ನಿಮ್ಮ ಫೋಲ್ಡರೂ ತೆರೆದುಕೊಳ್ಳುತ್ತಿದ್ದರಿಂದ ಯಾರಿಗೂ ಸಂಶಯ ಬರುತ್ತಿರಲಿಲ್ಲ.

2011ರಲ್ಲಿ ಈ ಎರಡನೆಯದು ನಮ್ಮ ಮನೆಗೆ ಬಂತು. ನಾಲೆ ಬರುವ ಮೊದಲು ಸುತ್ತಲಿನ ಹಳ್ಳಿಗಳು ಹೇಗಿದ್ದವು, ಜನ ಏನು ಬೆಳೆದು ಏನು ಉಣ್ಣುತ್ತಿದ್ದರು ಎಂದು ವಯಸ್ಸಾದವರು ಹೇಳಿದ್ದನ್ನು ಅಪ್ಪ ‘ನುಡಿ’ಯಲ್ಲಿ ಟೈಪು ಮಾಡಿಟ್ಟಿದ್ದರು. ಒಂದು ಸಂಜೆ ನೋಡಿದರೆ ಆ ಫೋಲ್ಡರುಗಳೇ ಇಲ್ಲ. ಒತ್ತಿದರೆ ತೆರೆಯದ ಶಾರ್ಟ್‌ಕಟ್‌ಗಳು ಮಾತ್ರ ಇದ್ದವು. ರಿಪೇರಿಗೆ ಬಂದವರು ಎರಡೇ ನಿಮಿಷ ನೋಡಿ, “ವೈರಸ್ ಹೊಡ್ದದೆ ಸಾರ್, ಫಾರ್ಮ್ಯಾಟ್ ಮಾಡ್ಬುಡ್ತೀನಿ” ಎಂದರು. ಪಕ್ಕದ ಮನೆಯಲ್ಲಿದ್ದ ಕೃಷಿ ಕಾಲೇಜಿನ ಹುಡುಗನೊಬ್ಬ ತಡೆದ. “ತಾಳಿ ಅಂಕಲ್, ಫೈಲು ಎಲ್ಲೂ ಹೋಗಿಲ್ಲ, ಒಳಗೇ ಅವೆ.”

ಅವನು ಹಾಗೆ ಹೇಳಲು ಒಂದು ಸಾಕ್ಷಿ ಇತ್ತು. ಡ್ರೈವಿನ ಪ್ರಾಪರ್ಟೀಸ್ ತೆಗೆದು ನೋಡಿದರೆ ತುಂಬಿದ ಜಾಗ ಮೊದಲಿನಷ್ಟೇ ತೋರಿಸುತ್ತಿತ್ತು. ಅಳಿಸಿದ್ದರೆ ಜಾಗ ಖಾಲಿಯಾಗಬೇಕಿತ್ತು. ಅವನು ಮೊದಲು ಇಂಟರ್‌ನೆಟ್ಟಿನ ತಂತಿ ಕಿತ್ತ. ಸೇಫ್ ಮೋಡ್‌ನಲ್ಲಿ ಕಂಪ್ಯೂಟರ್ ಆನ್ ಮಾಡಿದ. ಶುರುವಾದೊಡನೆ ಓಡುವ ಪ್ರೋಗ್ರಾಮುಗಳ ಪಟ್ಟಿಯಲ್ಲಿ ಅರ್ಥವಿಲ್ಲದ ಹೆಸರಿನದೊಂದನ್ನು ಹುಡುಕಿ ನಿಲ್ಲಿಸಿ, ಅದರ ಮೂಲ ಫೈಲನ್ನು ಅಳಿಸಿದ. ಆಮೇಲೆ ಶಾರ್ಟ್‌ಕಟ್‌ಗಳನ್ನು ತೆಗೆದ. ಕೊನೆಗೆ ಕಪ್ಪು ಪರದೆಯಲ್ಲಿ ‘ಅಟ್ರಿಬ್’ ಎಂಬ ಆಜ್ಞೆ ಕೊಟ್ಟು ಫೋಲ್ಡರುಗಳಿಗೆ ಅಂಟಿಸಿದ್ದ ಹಿಡನ್, ಸಿಸ್ಟಮ್ ಎಂಬ ಎರಡು ಗುರುತುಗಳನ್ನು ಕಿತ್ತುಹಾಕಿದ. ಈ ಅನುಕ್ರಮ ಮುಖ್ಯ. ಮೂಲವನ್ನು ಬಿಟ್ಟು ಶಾರ್ಟ್‌ಕಟ್ ಮಾತ್ರ ಅಳಿಸಿದರೆ ಮರುಕ್ಷಣವೇ ಮತ್ತೆ ಹುಟ್ಟುತ್ತವೆ. ಪೆನ್‌ಡ್ರೈವನ್ನು ಶುಚಿಮಾಡದಿದ್ದರೆ ಮಾರನೆಯ ದಿನ ಮತ್ತೆ ಬರುತ್ತದೆ.

ಅಪ್ಪನ ಕಡತಗಳು ಉಳಿದವು. ಅವುಗಳಲ್ಲಿ ಮಾತಾಡಿದ ಹಿರಿಯರಲ್ಲಿ ಇಂದು ಯಾರೂ ಬದುಕಿಲ್ಲ.

ಇದೇ ಕಡತಗಳ ಮೇಲೆ ಎರಡನೆಯ ಸಲ ಸಂಶಯ ಬಿದ್ದದ್ದು ಬೇರೊಂದು ಕಂಪ್ಯೂಟರಿನಲ್ಲಿ ತೆರೆದಾಗ. ಕನ್ನಡದ ಬದಲು ಪರದೆಯ ತುಂಬ ತಲೆಬುಡವಿಲ್ಲದ ರೋಮನ್ ಅಕ್ಷರಗಳು, ಚಿಹ್ನೆಗಳು. ನೋಡಿದವರು “ಇದಕ್ಕೂ ವೈರಸ್ಸೇ” ಎಂದರು. ಅಲ್ಲಿ ಯಾವ ವೈರಸ್ಸೂ ಇರಲಿಲ್ಲ. ಆ ಕಾಲದ ‘ನುಡಿ’, ‘ಬರಹ’, ‘ಶ್ರೀಲಿಪಿ’ಗಳ ಕಡತಗಳಲ್ಲಿ ಹೆಚ್ಚಿನವು ಕನ್ನಡ ಅಕ್ಷರಗಳನ್ನು ಇಂಗ್ಲಿಷಿನ ಸಂಕೇತಗಳ ಜಾಗದಲ್ಲಿ ಕೂರಿಸುತ್ತಿದ್ದವು. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಲ್ಲೇ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟೂ ಬಂತು. ಆದರೂ ಕಚೇರಿ, ಡಿಟಿಪಿ ಅಂಗಡಿ, ಮನೆಗಳು ಬಹುಕಾಲ ಹಳೆಯ ಫಾಂಟುಗಳಲ್ಲೇ ಬರೆದವು.

ಸ್ಥಳೀಯ ಚರಿತ್ರೆಯ ಕೆಲಸಕ್ಕೆಂದು ಮನೆಗಳಿಗೆ ಹೋದಾಗ ನಾನು ಈಗ ಹಳೆಯ ಕಾಗದಪತ್ರದ ಜೊತೆಗೆ ಹಳೆಯ ಸಿಪಿಯು ಇದೆಯೇ ಎಂದೂ ಕೇಳುತ್ತೇನೆ. ಅನೇಕ ಕಡೆ ಒಂದೇ ಉತ್ತರ: “ವೈರಸ್ ಬಂದಿತ್ತು, ಫಾರ್ಮ್ಯಾಟ್ ಮಾಡಿಸಿದೋ.” ಫಾರ್ಮ್ಯಾಟ್ ಎಂದರೆ ಸಾಮಾನ್ಯವಾಗಿ ಸಿ ಡ್ರೈವು. ಡೆಸ್ಕ್‌ಟಾಪ್ ಮತ್ತು ಮೈ ಡಾಕ್ಯುಮೆಂಟ್ಸ್ ಇರುವುದು ಅದರಲ್ಲೇ. ಹೊಸದಾಗಿ ಟೈಪು ಕಲಿತವರು ತಮ್ಮ ಬರಹವನ್ನು ಇಟ್ಟದ್ದೂ ಅಲ್ಲೇ. ಡಿ ಡ್ರೈವಿನಲ್ಲಿ ಸಿನಿಮಾ ಹಾಡುಗಳು ಉಳಿದವು, ಮನೆಯ ಹಿರಿಯರೊಬ್ಬರ ನೆನಪಿನ ಬರಹ ಹೋಯಿತು. ನಾನು ಕಂಡ ಮನೆಗಳ ಮಟ್ಟಿಗೆ ಹೇಳುವುದಾದರೆ, ವೈರಸ್ಸಿಗಿಂತ ಹೆಚ್ಚು ಕನ್ನಡ ಬರಹವನ್ನು ತಿಂದದ್ದು ಈ ಮದ್ದು. ತಾಳೆಗರಿಗೆ ಹುಳ ಹಿಡಿದರೆ ಓಲೆಯ ಕಟ್ಟನ್ನು ಯಾರೂ ಒಲೆಗೆ ಹಾಕುವುದಿಲ್ಲ.

ನಿಮ್ಮ ಅಟ್ಟದ ಮೇಲೂ ಅಂಥದ್ದೊಂದು ಡಬ್ಬ ಇರಬಹುದು. ಗುಜರಿಗೆ ಕೊಡುವ ಮುನ್ನ ಗೊತ್ತಿದ್ದವರ ಕೈಯಲ್ಲಿ ಅದರ ಡಿಸ್ಕನ್ನು ತೆಗೆಸಿ, ಏನನ್ನೂ ಅಳಿಸದೆ ಮೊದಲು ಒಂದು ಪ್ರತಿ ಮಾಡಿಸಿಕೊಳ್ಳಿ. ವೈರಸ್ಸನ್ನು ಆ ಪ್ರತಿಯಲ್ಲಿ ಹುಡುಕಿದರಾಯಿತು. ಗೋಜಲಾಗಿ ಕಾಣುವ ಫೈಲುಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಈಗ ಉಚಿತವಾಗಿ ಸಿಗುತ್ತವೆ. ಡಿಸ್ಕು ಖಾಲಿ ಎಂದು ಕಂಡರೂ ತುಂಬಿದ ಜಾಗ ಎಷ್ಟಿದೆ ಎಂದು ಒಮ್ಮೆ ನೋಡಿ.