ಅಣುಕಸ ಕಾಯುವ ಲೆಕ್ಕ

ಪುಣೆಯ ಬಿಬವೇವಾಡಿಗೆ ಬರುವ ಕರೆಂಟಿನಲ್ಲಿ ತಾರಾಪುರ ಅಣುಸ್ಥಾವರದ ಪಾಲೂ ಸೇರಿರುತ್ತದೆ. ಅದರ ಕಸ ಮಾತ್ರ ತಾರಾಪುರದ ಕಡಲತೀರದಲ್ಲೇ ಉಳಿಯುತ್ತದೆ. ಕೈಗವಸು, ಒರೆಸಿದ ಬಟ್ಟೆ, ಫಿಲ್ಟರು, ನೀರು ಶುದ್ಧಿ ಮಾಡಿ ಉಳಿದ ಕೆಸರು: ಕಡಿಮೆ ವಿಕಿರಣದ ಕಸವೆಂದರೆ ಬಹುಪಾಲು ಇಂಥದ್ದೇ. ಕೆಸರನ್ನು ಸಿಮೆಂಟಿನಲ್ಲಿ ಕಲಸಿ, ಸ್ಥಾವರದ ಆವರಣದಲ್ಲೇ ಕಾಂಕ್ರೀಟು ಕಂದಕಗಳಲ್ಲಿ ಹೂಳುತ್ತಾರೆ. ನಮ್ಮ ಕೈಗಾದಲ್ಲೂ ಪದ್ಧತಿ ಇದೇ. ಈ ಕಸದಲ್ಲಿರುವ ಸೀಸಿಯಂ-137ರ ಅರ್ಧಾಯುಷ್ಯ 30 ವರ್ಷ. ಅದು ಸಾವಿರದಲ್ಲೊಂದು ಪಾಲಿಗೆ ಇಳಿಯಲು 300 ವರ್ಷ ಬೇಕು. ಅಲ್ಲಿಯತನಕ ಬೇಲಿ, ಕಾವಲು, ಅಂತರ್ಜಲದ ಪರೀಕ್ಷೆ ತಪ್ಪುವಂತಿಲ್ಲ. ಇದು ಬರೀ ವಿಜ್ಞಾನಿಗಳ ಕೆಲಸ ಎನ್ನುವವರು ಕೋಲಾರದ ಚಿನ್ನದ ಗಣಿಯ (ಕೆಜಿಎಫ್) ಚರಿತ್ರೆಯನ್ನು ಒಮ್ಮೆ ನೋಡಬೇಕು.

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಹಿಡಿದ ಆ ಚಿನ್ನದ ಗಣಿಯನ್ನು ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿತು. ಊರಿಗೆ ಉಳಿದದ್ದು ಸುಮಾರು 3.3 ಕೋಟಿ ಟನ್ ಗಣಿಪುಡಿಯ ಸೈನೈಡ್ ಗುಡ್ಡಗಳು. ಗಾಳಿ ಎದ್ದರೆ ಆ ಪುಡಿ ಕಾರ್ಮಿಕರ ಕಾಲೊನಿಗಳ ಮೇಲೆ ಬೀಳುತ್ತದೆ. ಮಳೆ ಬಂದರೆ ಕೊರಕಲು ಹಿಡಿದು ಕೆಳಗಿನ ಹೊಲಗಳಿಗೆ ಇಳಿಯುತ್ತದೆ. ಇದೇ ಗಣಿಯ ಪಾಳುಬಿದ್ದ ಭಾಗದಲ್ಲಿ, ಸುಮಾರು ಸಾವಿರ ಮೀಟರ್ ಆಳದಲ್ಲಿ, ಭಾಭಾ ಅಣು ಸಂಶೋಧನಾ ಕೇಂದ್ರ 1980ರ ದಶಕದಲ್ಲಿ ಹೀಟರುಗಳನ್ನಿಟ್ಟು, ಅಣುಕಸದಂಥ ಬಿಸಿಗೆ ಬಂಡೆ ಹೇಗೆ ವರ್ತಿಸುತ್ತದೆಂದು ಅಳೆದಿತ್ತು. 2012ರ ನವೆಂಬರಿನಲ್ಲಿ ಕೂಡಂಕುಳಂ ಅಣುಸ್ಥಾವರದ ಮೊಕದ್ದಮೆಯ ವಾದದಲ್ಲಿ, ಅಣುಕಸಕ್ಕೆ ಕಾಯಂ ಜಾಗವೆಂದು ಕೆಜಿಎಫ್ ಹೆಸರು ಸುಪ್ರೀಂ ಕೋರ್ಟಿನಲ್ಲಿ ಕೇಳಿಬಂತು. ಕೋಲಾರದ ಜನ ಬೀದಿಗಿಳಿದರು. ಕೇಂದ್ರ ಸರ್ಕಾರ ಹಿಂದೆ ಸರಿಯಿತು.

ಅಲ್ಲಿ ಮಾತು ಬಂದದ್ದು ಬಳಸಿದ ಇಂಧನದ್ದು, ಕೈಗವಸಿನದ್ದಲ್ಲ, ಎರಡನ್ನೂ ಬೆರೆಸಬಾರದು ಎಂಬ ಆಕ್ಷೇಪವುಂಟು. ಒಪ್ಪೋಣ, ಅಪಾಯದ ಅಳತೆ ಬೇರೆಯೇ. ಆದರೆ ಹಗುರ ಕಸಕ್ಕೂ ಜಾಗ ಸಲೀಸಾಗಿ ಸಿಗುವುದಿಲ್ಲ. ಅಮೆರಿಕ 1980ರಲ್ಲೇ ಅದಕ್ಕಾಗಿ ಕಾಯ್ದೆ ಮಾಡಿತು. ಆ ಕಾಯ್ದೆಯಡಿ ಮೊದಲ ಹೊಸ ತಾಣ ಟೆಕ್ಸಾಸಿನಲ್ಲಿ ತೆರೆದದ್ದು 2012ರಲ್ಲಿ. ಎಲ್ಲರೂ ಬೇಡವೆಂದರೆ ಕಸ ಎಲ್ಲಿಗೆ ಹೋಗಬೇಕು ಎಂದು ಕೇಳಬಹುದು. ಹುಟ್ಟಿದ ಆವರಣದಲ್ಲೇ ಇರಲಿ, ಆದರೆ ಅದನ್ನು ಕಾಯುವ ಹಣ ಕರೆಂಟು ಮಾರುವಾಗಲೇ ಬೇರೆ ಖಾತೆಗೆ ಬೀಳಲಿ. ಸ್ಥಾವರ ಕಳಚುವ ಖರ್ಚಿಗೆಂದು ನಮ್ಮಲ್ಲಿ ಯೂನಿಟ್ಟಿಗೆ 2 ಪೈಸೆ ಎತ್ತಿಡುತ್ತಾರೆ. 300 ವರ್ಷದ ಕಾವಲಿಗೆ ಎಷ್ಟೆಂಬುದೂ ಹೀಗೇ ಬಿಲ್ಲಿನಲ್ಲಿ ಕಾಣಬೇಕು. ಕೋಲಾರದವರು ವಿಜ್ಞಾನಕ್ಕೆ ಬೆದರಿದರು ಎನ್ನುವುದು ಅರೆಸತ್ಯ. ಚಿನ್ನ ಒಯ್ದವರು ಗುಡ್ಡ ಬಿಟ್ಟುಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಮೊದಲು ಆ ಗುಡ್ಡಗಳಿಗೊಂದು ಗತಿ ಕಾಣಿಸಿ. ಅಣುಕಸಕ್ಕೆ ಜಾಗ ಕೇಳುವುದು ಆಮೇಲಿನ ಮಾತು.